7 ವರ್ಷ ಸೆಲೆನಿಯಂ ಮಾಡಿದ್ದೇನೆ, ಈಗ ಏನು ಕಲಿಯಲಿ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಕಲಬುರಗಿಯಲ್ಲೇ ಬಿ.ಇ. ಮುಗಿಸಿದೆ. 7 ವರ್ಷದಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಆಟೊಮೇಷನ್ ಟೆಸ್ಟರ್ ಆಗಿದ್ದೇನೆ, ಸಾಫ್ಟ್‌ವೇರ್ ಸರಿಯಿದೆಯಾ ಅಂತ ತಾನಾಗಿ ಓಡಿ ನೋಡುವ ಟೆಸ್ಟ್ ಬರೆಯುವ ಕೆಲಸ. ಅದರಲ್ಲಿ 5 ವರ್ಷ ಒಂದೇ ಪ್ರಾಜೆಕ್ಟ್, ಆರೋಗ್ಯ ವಿಮೆಯ ಸಾಫ್ಟ್‌ವೇರ್. ನನಗೆ ಬರುವುದು ಸೆಲೆನಿಯಂ, ಜಾವಾ, ಟೆಸ್ಟ್‌ಎನ್‌ಜಿ ಅಷ್ಟೇ. (ಸೆಲೆನಿಯಂ ಬ್ರೌಸರನ್ನು ತಾನಾಗಿ ಓಡಿಸುವ ಟೂಲ್, ಟೆಸ್ಟ್‌ಎನ್‌ಜಿ ಜಾವಾದಲ್ಲಿ ಬರೆದ ಟೆಸ್ಟ್‌ಗಳನ್ನು ಜೋಡಿಸಿ ಓಡಿಸುವ ಟೂಲ್.) ಕೊರೊನಾ ಕಾಲದಲ್ಲಿ ಊರಿಗೆ ಬಂದವಳು ಇಲ್ಲೇ ಉಳಿದಿದ್ದೇನೆ, ಸೇಡಂ ರಸ್ತೆಯಲ್ಲಿ ಮನೆ, 4 ವರ್ಷದ ಮಗ ಇದ್ದಾನೆ. ನಮ್ಮಲ್ಲಿ 400 ಟೆಸ್ಟ್ ಇವೆ. ರಾತ್ರಿ ಓಡಿಸಿದರೆ ಬೆಳಿಗ್ಗೆ 30-40 ಫೇಲ್ ಆಗಿರುತ್ತವೆ, ಮತ್ತೆ ಓಡಿಸಿದರೆ ಪಾಸ್. ದಿನದ ಅರ್ಧ ಅದರಲ್ಲೇ ಹೋಗುತ್ತದೆ. ಕಳೆದ ತಿಂಗಳು ಎರಡು ಇಂಟರ್‌ವ್ಯೂ ಕೊಟ್ಟೆ. ಪ್ಲೇರೈಟ್ ಅನ್ನುವ ಹೊಸ ಟೆಸ್ಟಿಂಗ್ ಟೂಲ್, ಟೈಪ್‌ಸ್ಕ್ರಿಪ್ಟ್ ಭಾಷೆ, ಎಪಿಐ (ಪರದೆ ಇಲ್ಲದೆ ಸರ್ವರ್ ಜೊತೆ ನೇರ ಮಾತಾಡುವ ದಾರಿ), ಪೈಪ್‌ಲೈನ್ (ಸರ್ವರ್ ಮಷಿನ್‌ನಲ್ಲಿ ಟೆಸ್ಟ್ ತಾನಾಗಿ ಓಡುವ ವ್ಯವಸ್ಥೆ) ಅಂತ ಕೇಳಿದರು. ‘ನಿಮ್ಮ ಮಷಿನ್‌ನಲ್ಲಿ ಪಾಸ್ ಆಗುವ ಟೆಸ್ಟ್ ಪೈಪ್‌ಲೈನ್‌ನಲ್ಲಿ ಫೇಲ್ ಆದರೆ ಏನು ಮಾಡ್ತೀರಿ’ ಎಂದಾಗ ಬಾಯೇ ಬರಲಿಲ್ಲ. ಮೊನ್ನೆ ನಮ್ಮ ಟೀಮಿನ ಹುಡುಗ, ನಾನು ಎರಡು ದಿನ ತೆಗೆದುಕೊಳ್ಳುವ ಸ್ಕ್ರಿಪ್ಟನ್ನು ಎಐಗೆ ಹೇಳಿ 10 ನಿಮಿಷದಲ್ಲಿ ಬರೆಸಿದ. ಆ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲೊಂದು ಇನ್‌ಸ್ಟಿಟ್ಯೂಟ್ 45,000 ರೂಪಾಯಿಗೆ ಎಐ ಆಟೊಮೇಷನ್ ಕೋರ್ಸ್, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನುತ್ತಿದೆ. ಮನೆಯಲ್ಲಿ ‘ಇದೆಲ್ಲ ಬಿಡು, ನಮ್ಮ ಭಾಗಕ್ಕೆ 371ಜೆ ಮೀಸಲಾತಿ ಇದೆ, ಸರ್ಕಾರಿ ಪರೀಕ್ಷೆ ಬರಿ’ ಅನ್ನುತ್ತಾರೆ. ಎರಡು ವರ್ಷಕ್ಕೊಮ್ಮೆ ಹೊಸ ಟೂಲ್ ಬಂದರೆ ಎಷ್ಟು ಅಂತ ಕಲಿಯುವುದು ಮೇಡಂ? ಇನ್ನೊಂದು ಮಾತು, ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಕಲಿಯಲು ಹೊಸದು ಕೊಳ್ಳಬೇಕಾ?

ಉತ್ತರ: ಪ್ಲೇರೈಟ್, ಕೋರ್ಸ್, ಪರೀಕ್ಷೆ, ರ್‍ಯಾಮ್ ಎಲ್ಲಕ್ಕೂ ಉತ್ತರ ಕೊಡುತ್ತೇನೆ. ಆದರೆ ನಿಮ್ಮ ಪತ್ರದ ತುಂಬ ಇರುವ ಚಿಂತೆ ಬೇರೆ. 7 ವರ್ಷ ದುಡಿದದ್ದು ನೀರಲ್ಲಿ ಹೋಮ ಮಾಡಿದ ಹಾಗಾಯ್ತಾ, ನಾನು ಹಿಂದೆ ಬಿದ್ದುಬಿಟ್ಟೆನಾ ಅಂತ, ಅಲ್ವಾ? ಮೊದಲು ಅದನ್ನೇ ನೋಡೋಣ. ಆ ಚಿಂತೆ ನಾನೂ ಪಟ್ಟವಳು.

ನಾನು 2007ರಲ್ಲಿ ಟೆಸ್ಟಿಂಗ್‌ಗೆ ಬಂದೆ. ಆಗ ಎಲ್ಲಿ ನೋಡಿದರೂ ಕ್ಯುಟಿಪಿ ಅನ್ನುವ ಟೆಸ್ಟಿಂಗ್ ಟೂಲ್. ಪರದೆಯ ಮೇಲೆ ಮಾಡಿದ್ದನ್ನು ರೆಕಾರ್ಡ್ ಮಾಡುವುದು, ಅದರಿಂದ ಬಂದ ವಿಬಿಸ್ಕ್ರಿಪ್ಟ್ ಭಾಷೆಯ ಕೋಡನ್ನು ಅಲ್ಲಿ ಇಲ್ಲಿ ತಿದ್ದುವುದು, ಓಡಿಸುವುದು. 5 ವರ್ಷ ಅದನ್ನೇ ಮಾಡಿದೆ, ಚೆನ್ನಾಗಿಯೇ ಮಾಡಿದೆ. 2012ರಲ್ಲಿ ನಮ್ಮ ಗ್ರಾಹಕರು ‘ಲೈಸೆನ್ಸ್ ದುಬಾರಿ, ಇನ್ನು ಸೆಲೆನಿಯಂ’ ಎಂದರು. ನನ್ನನ್ನು 4 ತಿಂಗಳು ಯಾವ ಪ್ರಾಜೆಕ್ಟೂ ಕೊಡದೆ ಬೆಂಚ್ ಮೇಲೆ ಕೂರಿಸಿದರು. ಊಟದ ಹೊತ್ತಿಗೆ ಕ್ಯಾಂಟೀನಿಗೆ ಹೋಗಲೂ ಸಂಕೋಚ, ಯಾರಾದರೂ ‘ಯಾವ ಪ್ರಾಜೆಕ್ಟ್’ ಅಂತ ಕೇಳಿದರೆ ಏನು ಹೇಳುವುದು? ಆ 4 ತಿಂಗಳಲ್ಲಿ ಒಂದು ವಿಷಯ ಗೊತ್ತಾಯಿತು. ಸೆಲೆನಿಯಂ ಕಲಿಯಲು ನನಗೆ 3 ವಾರ ಸಾಕಾಯಿತು. ಜಾವಾದಲ್ಲಿ ಯೋಚನೆ ಮಾಡಲು, ಬ್ರೌಸರ್ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲು ವರ್ಷ ಹಿಡಿಯಿತು. ಟೂಲ್ ಬದಲಾದದ್ದರಿಂದ ನಾನು ಬಿದ್ದಿರಲಿಲ್ಲ. ಆ ಟೂಲಿನ ಅಡಿಯಲ್ಲಿ ಇರಬೇಕಾದದ್ದನ್ನು 5 ವರ್ಷ ಕಲಿಯದೇ ಇದ್ದೆ, ಅದಕ್ಕೆ ಬಿದ್ದೆ.

ಎರಡು ವರ್ಷಕ್ಕೊಮ್ಮೆ ಎಲ್ಲ ಬದಲಾಗುತ್ತದೆ ಅನ್ನುವ ಮಾತು ಅರ್ಧ ಮಾತ್ರ ನಿಜ. ಟೂಲ್‌ಗಳು ಬರುತ್ತವೆ, ಹೋಗುತ್ತವೆ. ಫ್ಯಾಂಟಮ್‌ಜೆಎಸ್ ಕೆಲಸ 2018ರಲ್ಲಿ ನಿಂತಿತು. ಆಂಗ್ಯುಲರ್ ತಂಡದ ಪ್ರೊಟ್ರಾಕ್ಟರ್ 2023ಕ್ಕೆ ಮುಗಿಯಿತು. ನಾನು ಅನ್ನ ತಿಂದ ವಿಬಿಸ್ಕ್ರಿಪ್ಟನ್ನು ವಿಂಡೋಸ್‌ನಿಂದ ಹಂತ ಹಂತವಾಗಿ ತೆಗೆಯುತ್ತೇವೆ ಎಂದು ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಬ್ರೌಸರ್ ಸರ್ವರ್‌ಗೆ ಕೇಳುವ ರೀತಿ, ಸರ್ವರ್ ಉತ್ತರ ಕೊಡುವ ರೀತಿ, 404 ಅಂದರೆ ಏನು, 500 ಅಂದರೆ ಏನು, ಕುಕಿ ಎಲ್ಲಿ ಕೂರುತ್ತದೆ, ಎಸ್‌ಕ್ಯುಎಲ್‌ನಲ್ಲಿ ಎರಡು ಟೇಬಲ್ ಸೇರಿಸುವುದು ಹೇಗೆ ಇವೆಲ್ಲ ನಾನು ಕೆಲಸಕ್ಕೆ ಸೇರಿದಾಗ ಇದ್ದ ಹಾಗೇ ಇವೆ.

ನನ್ನ ತವರು ಆಳಂದ ತಾಲ್ಲೂಕು. ಅಪ್ಪ ತೊಗರಿ ಹಾಕುತ್ತಿದ್ದರು. ನೆಟೆ ರೋಗ ಬಂದು ಬೆಳೆ ನಿಂತಲ್ಲೇ ಒಣಗಿದ ವರ್ಷ ಮಾರುತಿ ತಳಿಗೆ ಬದಲಾಯಿಸಿದರು, ಆಮೇಲೆ ಟಿಎಸ್-3ಆರ್ ಹಾಕಿದರು. ಈಗ ತಮ್ಮ ಜಿಆರ್‌ಜಿ-811 ಹಾಕುತ್ತಾನೆ. ಬೀಜ ಮೂರು ಸಲ ಬದಲಾಯಿತು. ಯಾವ ಪಟ್ಟಿಯಲ್ಲಿ ನೀರು ನಿಲ್ಲುತ್ತದೆ, ಯಾವಾಗ ಕುಡಿ ಚಿವುಟಬೇಕು ಅನ್ನುವುದು ಅಪ್ಪನಿಂದ ತಮ್ಮನಿಗೆ ಹಾಗೇ ಬಂತು. ಹೊಸ ಬೀಜದ ಸುದ್ದಿ ಕೇಳದೆ ಇದ್ದಿದ್ದರೆ ಅಪ್ಪ ಹೊಲ ಮಾರಬೇಕಾಗುತ್ತಿತ್ತು, ಅದೂ ನಿಜ.

ಈಗ ಸೆಲೆನಿಯಂ ಸತ್ತಿತಾ ಅನ್ನುವ ಪ್ರಶ್ನೆ. ಇಲ್ಲ. ಅದು 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ ಹುಟ್ಟಿತು. ಬ್ರೌಸರ್‌ಗೆ ಅಪ್ಪಣೆ ಕೊಡುವ ಅದರ ವೆಬ್‌ಡ್ರೈವರ್ 2018ರಲ್ಲಿ, ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನದಂಡವೇ ಆಯಿತು. ಅಂದರೆ ಬ್ರೌಸರ್ ಮಾಡುವ ಕಂಪನಿಗಳೇ ಅದಕ್ಕೆ ಒಪ್ಪಿ ನಡೆಯುತ್ತವೆ. 2021ರಲ್ಲಿ ಸೆಲೆನಿಯಂ 4 ಬಂತು. 2022ರ ಕೊನೆಗೆ ಬಂದ 4.6ರಿಂದ ಡ್ರೈವರ್ ಫೈಲನ್ನು ಕೈಯಾರೆ ಇಳಿಸಿಕೊಳ್ಳುವ ಕಾಟವೂ ತಪ್ಪಿತು. ನಿಮ್ಮ ಪ್ರಾಜೆಕ್ಟ್ ಯಾವ ಆವೃತ್ತಿಯಲ್ಲಿದೆ ಅಂತ ಇವತ್ತೇ ನೋಡಿ. ಇನ್ನೂ 3ರಲ್ಲಿದ್ದರೆ 4ಕ್ಕೆ ಏರಿಸುವ ಕೆಲಸ ನಾನು ಮಾಡುತ್ತೇನೆ ಅಂತ ಕೇಳಿ ತೆಗೆದುಕೊಳ್ಳಿ. ಬ್ಯಾಂಕು, ವಿಮೆ ಕಂಪನಿಗಳ ಸಾವಿರಾರು ಸೆಲೆನಿಯಂ ಟೆಸ್ಟ್‌ಗಳನ್ನು ಯಾರೂ ಒಂದು ರಾತ್ರಿಯಲ್ಲಿ ಎಸೆಯುವುದಿಲ್ಲ. ಆದರೆ ಹೊಸದಾಗಿ ಶುರುವಾಗುವ ಪ್ರಾಜೆಕ್ಟ್‌ಗಳು ಮೈಕ್ರೋಸಾಫ್ಟ್ 2020ರಲ್ಲಿ ತಂದ ಪ್ಲೇರೈಟ್ ಕಡೆ ಜಾಸ್ತಿ ವಾಲುತ್ತಿವೆ. ನಿಮ್ಮ ಇಂಟರ್‌ವ್ಯೂಗಳಲ್ಲಿ ಕಂಡದ್ದು ಅದೇ.

ಎಐ ಬಗ್ಗೆ ನಿಮಗೆ ಸಮಾಧಾನದ ಸುಳ್ಳು ಹೇಳುವುದಿಲ್ಲ. ಎಕ್ಸೆಲ್‌ನಲ್ಲಿ ಯಾರೋ ಬರೆದುಕೊಟ್ಟ ಟೆಸ್ಟ್ ಕೇಸನ್ನು ಹಾಗ್ಹಾಗೇ ಸ್ಕ್ರಿಪ್ಟ್ ಮಾಡುವ ಕೆಲಸ ಕಡಿಮೆಯಾಗುತ್ತಿದೆ, ಇನ್ನೂ ಆಗುತ್ತದೆ. ನಿಮ್ಮ ಟೀಮಿನ ಹುಡುಗ ತೋರಿಸಿದ್ದು ಅದನ್ನೇ. ದಿನವಿಡೀ ಅಷ್ಟೇ ಮಾಡುವವರು ಚಿಂತೆ ಮಾಡಬೇಕಾದದ್ದೇ. ಆದರೆ ಎಐ ಏನು ಮಾಡುವುದಿಲ್ಲ ಅನ್ನುವುದನ್ನು ನಿಮ್ಮ ಪ್ರಾಜೆಕ್ಟಿನದೇ ಉದಾಹರಣೆಯಿಂದ ನೋಡಿ.

ನಿಮ್ಮ ಸಾಫ್ಟ್‌ವೇರ್‌ನಲ್ಲಿ ಪ್ರೀಮಿಯಂ ಲೆಕ್ಕ ನೋಡುವ ಒಂದು ಟೆಸ್ಟ್ ಇದೆ ಅಂತ ಇಟ್ಟುಕೊಳ್ಳಿ. ಪ್ರೀಮಿಯಂ 20,000, ಜಿಎಸ್‌ಟಿ 18%, ಒಟ್ಟು 23,600 ಬರಬೇಕು. ಒಂದು ದಿನ ಪರದೆಯ ಮೇಲೆ 20,000 ಎಂದಷ್ಟೇ ಬಂತು, ಟೆಸ್ಟ್ ಫೇಲ್. ‘ಇದನ್ನು ಸರಿ ಮಾಡು’ ಅಂತ ಎಐಗೆ ಹೇಳಿದರೆ ಅದು ಬರಬೇಕಾದ ಮೊತ್ತವನ್ನೇ 20,000 ಅಂತ ತಿದ್ದಿಬಿಡಬಹುದು. ಟೆಸ್ಟ್ ಹಸಿರಾಗುತ್ತದೆ. ಅದು ಸರಿಯಾ, ತಪ್ಪಾ? 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಆ ಪಾಲಿಸಿ ವೈಯಕ್ತಿಕದ್ದಾದರೆ 20,000 ಸರಿ, ಟೆಸ್ಟ್ ಹಳೆಯದು. ಕಂಪನಿಯೊಂದು ತನ್ನ ನೌಕರರಿಗೆ ಮಾಡಿಸಿದ ಗ್ರೂಪ್ ಪಾಲಿಸಿಯಾದರೆ ಆ ವಿನಾಯಿತಿ ಇಲ್ಲ, ಸಾಫ್ಟ್‌ವೇರ್‌ನಲ್ಲೇ ತಪ್ಪಿದೆ, ಪ್ರತಿ ಪಾಲಿಸಿಗೆ 3,600 ರೂಪಾಯಿ ತೆರಿಗೆ ಬಿಟ್ಟುಹೋಗುತ್ತಿದೆ. ಎರಡರಲ್ಲಿ ಯಾವುದು ಅಂತ ಹೇಳಬಲ್ಲವರು ನೀವು. ಮೊದಲೇ ಇದ್ದ ಕಾಯಿಲೆಯ ವೇಟಿಂಗ್ ಪೀರಿಯಡ್ ಗರಿಷ್ಠ 48 ತಿಂಗಳಿದ್ದದ್ದು 2024ರ ಏಪ್ರಿಲ್‌ನಲ್ಲಿ 36ಕ್ಕೆ ಇಳಿಯಿತಲ್ಲ, ಆಗ ಎಷ್ಟು ಟೆಸ್ಟ್ ಬದಲಾಯಿಸಿದಿರಿ ನೆನಪಿದೆಯಾ?

ನಿಮ್ಮ ಪತ್ರವನ್ನು ಮತ್ತೆ ಓದಿ ನೋಡಿ. ‘ನನಗೆ ಬರುವುದು ಸೆಲೆನಿಯಂ, ಜಾವಾ, ಟೆಸ್ಟ್‌ಎನ್‌ಜಿ ಅಷ್ಟೇ’ ಅಂತ ಬರೆದಿದ್ದೀರಿ. 5 ವರ್ಷ ಆರೋಗ್ಯ ವಿಮೆಯ ಒಳಗಿದ್ದೀರಿ. ಕ್ಲೇಮ್ ಎಲ್ಲಿ ತಿರಸ್ಕಾರವಾಗುತ್ತದೆ, ಕೋ-ಪೇ ಹೇಗೆ ಕಳೆಯುತ್ತಾರೆ, ಕ್ಯಾಶ್‌ಲೆಸ್‌ಗೂ ರೀಇಂಬರ್ಸ್‌ಮೆಂಟ್‌ಗೂ ಲೆಕ್ಕ ಎಲ್ಲಿ ಬೇರೆಯಾಗುತ್ತದೆ ಎಲ್ಲ ನಿಮಗೆ ಗೊತ್ತು. ಅದನ್ನು ನಿಮಗೆ ‘ಬರುವ’ ವಿಷಯಗಳಲ್ಲಿ ಸೇರಿಸಲೇ ಇಲ್ಲ. ನಾನು ಇಂಟರ್‌ವ್ಯೂ ತೆಗೆದುಕೊಳ್ಳುವಾಗ ಪ್ಲೇರೈಟ್ ಬರುವ ಹತ್ತು ಜನ ಸಿಗುತ್ತಾರೆ. ವಿಮೆಯ ಲೆಕ್ಕ ಗೊತ್ತಿದ್ದು ಕೋಡನ್ನೂ ಬರೆಯುವವರು ಒಬ್ಬರು ಸಿಕ್ಕರೆ ಹೆಚ್ಚು. ರೆಸ್ಯೂಮೆಯ ಮೊದಲ ಎರಡು ಸಾಲಿನಲ್ಲೇ ಇದು ಇರಲಿ.

ಹಾಗಾದರೆ ನೀವು ಎಲ್ಲಿ ನಿಂತುಹೋದಿರಿ? ಇದು ನಿಮ್ಮ ಸೋಮಾರಿತನ ಅಂತ ನನಗೆ ಅನ್ನಿಸುವುದಿಲ್ಲ. ಸೇವಾ ಕಂಪನಿಗಳಲ್ಲಿ ಗ್ರಾಹಕರು ದುಡ್ಡು ಕೊಡುವುದು ಸ್ಕ್ರಿಪ್ಟ್‌ಗೆ, ನಿಮ್ಮ ಕಲಿಕೆಗಲ್ಲ. ಫ್ರೇಮ್‌ವರ್ಕನ್ನು ಹಿಂದೆ ಯಾರೋ ಬರೆದು ಹೋಗಿರುತ್ತಾರೆ, ನಾವು ಅದರ ಮೇಲೆ ಟೆಸ್ಟ್ ಪೇರಿಸುತ್ತಾ ಹೋಗುತ್ತೇವೆ. ನಿಮ್ಮ ಎಲ್ಲ ಟೆಸ್ಟ್‌ಗಳಿಗೂ ಆಧಾರವಾದ ಬೇಸ್ ಕ್ಲಾಸ್ ಕೋಡನ್ನು ಪೂರ್ತಿ ತೆರೆದು ಓದಿದ್ದು ಕೊನೆಯ ಸಲ ಯಾವಾಗ? ಇನ್ನೊಂದು ಕಾರಣ, ಊರಲ್ಲಿ ಕೂತು ಮಾಡುವ ಕೆಲಸ. ನಾನೂ 2021ರಿಂದ ಕಲಬುರಗಿಯಲ್ಲೇ ಇದ್ದೇನೆ. ಇಲ್ಲಿ ಇಂಟರ್‌ನೆಟ್ ಇದೆ, ಪಾಠಗಳಿವೆ, ಯಾವುದಕ್ಕೂ ಕೊರತೆ ಇಲ್ಲ. ಇಲ್ಲದ್ದು ಒಂದೇ, ಚಹಾ ಕುಡಿಯುತ್ತಾ ಪಕ್ಕದ ಟೀಮಿನವರು ‘ನಾವು ಹೀಗೆ ಮಾಡಿದ್ವಿ’ ಅನ್ನುವ ಮಾತು. ಅರ್ಧ ಕಲಿಕೆ ಅಲ್ಲೇ ಆಗುತ್ತಿತ್ತು. ಅದನ್ನು ಬೇಕೆಂದೇ ಮಾಡಿಕೊಳ್ಳಬೇಕು. ನಾನು ಹಳೆಯ ಸಹೋದ್ಯೋಗಿ ಒಬ್ಬರ ಜೊತೆ ಪ್ರತಿ ಶುಕ್ರವಾರ ಸಂಜೆ 40 ನಿಮಿಷ ಫೋನಲ್ಲಿ ಕೂರುತ್ತೇನೆ. ಆ ವಾರ ನನ್ನಲ್ಲಿ ಏನು ಒಡೆಯಿತು, ಅವರಲ್ಲಿ ಏನು ಒಡೆಯಿತು, ಅಷ್ಟೇ ಮಾತು. ಎರಡು ವರ್ಷದಲ್ಲಿ ಯಾವ ಕೋರ್ಸಿನಿಂದಲೂ ಇಷ್ಟು ಕಲಿತಿಲ್ಲ.

ಈಗ ಆ 30-40 ಫೇಲ್‌ಗಳ ವಿಷಯಕ್ಕೆ ಬರೋಣ. ನೀವು ಅದನ್ನು ಕಷ್ಟದ ಪಟ್ಟಿಯಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಕಲಿಕೆ ಶುರುವಾಗಬೇಕಾದದ್ದೇ ಅಲ್ಲಿ. ನನಗಾದ ಒಂದು ಅನುಭವ ಹೇಳುತ್ತೇನೆ.

ಹಿಂದೆ ಒಂದು ಪಾವತಿ ಆ್ಯಪ್‌ನ ಪ್ರಾಜೆಕ್ಟ್‌ನಲ್ಲಿದ್ದೆ. ಒಂದು ಟೆಸ್ಟ್ ಹೀಗಿತ್ತು: ಒಂದು ಬಿಲ್ ಕಟ್ಟು, ‘ಇಂದಿನ ಪಾವತಿಗಳು’ ಪಟ್ಟಿಯಲ್ಲಿ ಅದು ಬಂತಾ ನೋಡು. ರಾತ್ರಿ 2ಕ್ಕೆ ಓಡಿದಾಗ ಫೇಲ್. ಬೆಳಿಗ್ಗೆ 10ಕ್ಕೆ ಓಡಿಸಿದರೆ ಪಾಸ್. 5 ತಿಂಗಳು ಎಲ್ಲರೂ ‘ಅದು ಫ್ಲೇಕಿ (ಕಾರಣವಿಲ್ಲದೆ ಒಮ್ಮೆ ಪಾಸ್, ಒಮ್ಮೆ ಫೇಲ್), ಬಿಡಿ’ ಅಂದೆವು. ಒಂದು ದಿನ ಬಿಡುವಿತ್ತು, ಲಾಗ್ ತೆರೆದು ಕೂತೆ. ಟೆಸ್ಟ್ ಓಡಿದ್ದು 2 ಗಂಟೆ 14 ನಿಮಿಷಕ್ಕೆ. ಸರ್ವರ್ ಕೊಟ್ಟ ಉತ್ತರದಲ್ಲಿ ತಾರೀಖು ನೋಡಿದರೆ ಹಿಂದಿನ ದಿನದ್ದು. ಸರ್ವರ್ ಗಡಿಯಾರ ಯುಟಿಸಿ ಅನ್ನುವ ಅಂತರರಾಷ್ಟ್ರೀಯ ಸಮಯದಲ್ಲಿತ್ತು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ನಮಗೆ ಮಧ್ಯರಾತ್ರಿ 12ರಿಂದ ಬೆಳಗಿನ 5:30ರವರೆಗೆ ಸರ್ವರ್‌ಗೆ ಇನ್ನೂ ನಿನ್ನೆ. ಬೆಳಿಗ್ಗೆ 10ಕ್ಕೆ ಇಬ್ಬರಿಗೂ ಒಂದೇ ದಿನ, ಅದಕ್ಕೆ ಪಾಸ್. ರಾತ್ರಿಯ ಆ ಹೊತ್ತಿನಲ್ಲಿ ಬಿಲ್ ಕಟ್ಟಿದ ಗ್ರಾಹಕರಿಗೂ ಅದು ಹಿಂದಿನ ದಿನದ ಲೆಕ್ಕದಲ್ಲೇ ಕಾಣುತ್ತಿತ್ತು. ಟೆಸ್ಟ್ 5 ತಿಂಗಳಿಂದ ಪ್ರತಿ ರಾತ್ರಿ ನಿಜ ಹೇಳುತ್ತಿತ್ತು. ನಾವು ಕೇಳಿಸಿಕೊಂಡಿರಲಿಲ್ಲ. ಈಗ ನೆನೆದರೂ ಬೇಜಾರಾಗುತ್ತದೆ.

ಹಾಗಾಗಿ ಮೊದಲ ತಿಂಗಳು ಯಾವ ಹೊಸ ಟೂಲೂ ಬೇಡ. ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಮೂರು ಫೇಲ್ ಮಾತ್ರ ತೆಗೆದುಕೊಳ್ಳಿ, ಮತ್ತೆ ಓಡಿಸುವ ಮೊದಲು ಬರೆಯಿರಿ: ಟೆಸ್ಟಿನ ಹೆಸರು, ಫೇಲ್ ಆದ ಸಮಯ, ಎರರ್‌ನ ಮೊದಲ ಸಾಲು, ಕಾರಣ ಏನಿರಬಹುದು. ತಿಂಗಳ ಕೊನೆಗೆ 60 ಸಾಲು ಆಗುತ್ತವೆ. ನೋಡಿದರೆ ಕಾರಣಗಳು ನಾಲ್ಕೈದೇ ಇರುತ್ತವೆ. ಪುಟ ಸಿದ್ಧವಾಗುವ ಮೊದಲೇ ಕ್ಲಿಕ್ ಮಾಡಿದ್ದು. ಒಂದೇ ಪಾಲಿಸಿ ನಂಬರನ್ನು ಎರಡು ಟೆಸ್ಟ್ ಒಟ್ಟಿಗೆ ಮುಟ್ಟಿದ್ದು. ಸರ್ವರ್ ಮಷಿನ್‌ನಲ್ಲಿ ಪರದೆಯ ಅಳತೆ ಚಿಕ್ಕದಿದ್ದು ಬಟನ್ ಮೆನುವಿನ ಒಳಗೆ ಅಡಗಿದ್ದು. ಗಡಿಯಾರ ಬೇರೆ ಇದ್ದದ್ದು. ಕೆಲವು ಕಡೆ ನಿಜವಾದ ಬಗ್. ಇಂಟರ್‌ವ್ಯೂನಲ್ಲಿ ನಿಮ್ಮ ಬಾಯಿ ಕಟ್ಟಿಸಿದ ಪ್ರಶ್ನೆ ಇತ್ತಲ್ಲ, ನಿಮ್ಮ ಮಷಿನ್‌ನಲ್ಲಿ ಪಾಸ್, ಪೈಪ್‌ಲೈನ್‌ನಲ್ಲಿ ಫೇಲ್? ಅದರ ಉತ್ತರ ಈ 60 ಸಾಲು. ಅದೂ ನಿಮ್ಮದೇ ಉದಾಹರಣೆಯ ಜೊತೆ.

ಆ ಕಾರಣಗಳಲ್ಲಿ ಮೊದಲನೆಯದಕ್ಕೆ ಒಂದು ಲೆಕ್ಕ ಹಾಕಿ. ನಿಮ್ಮ ಟೆಸ್ಟ್‌ಗಳಲ್ಲಿ ಥ್ರೆಡ್ ಸ್ಲೀಪ್ (ಇಷ್ಟು ಸೆಕೆಂಡ್ ಸುಮ್ಮನೆ ಕಾಯಿ ಅನ್ನುವ ಸಾಲು) ಎಷ್ಟಿವೆ ಹುಡುಕಿ ನೋಡಿ. ಒಂದು ಟೆಸ್ಟಿಗೆ 6, ಪ್ರತಿಯೊಂದೂ 5 ಸೆಕೆಂಡ್ ಅಂತಿಟ್ಟುಕೊಂಡರೆ 400 ಟೆಸ್ಟಿಗೆ 12,000 ಸೆಕೆಂಡ್. ಮೂರು ಗಂಟೆ ಇಪ್ಪತ್ತು ನಿಮಿಷ ಸುಮ್ನೆ ಕಾಯುವುದಕ್ಕೇ ಹೋಯಿತು. ಅದರ ಬದಲು ‘ಈ ಬಟನ್ ಕ್ಲಿಕ್ ಮಾಡಲು ಬರುವವರೆಗೆ ಕಾಯಿ’ ಅನ್ನುವ ಎಕ್ಸ್‌ಪ್ಲಿಸಿಟ್ ವೇಟ್ ಹಾಕಿ. ಒಂದೇ ಸಲ ಎಲ್ಲ ಬದಲಾಯಿಸಬೇಡಿ, ಹೆಚ್ಚು ಫೇಲ್ ಆಗುವ 20 ಟೆಸ್ಟ್‌ನಿಂದ ಶುರು ಮಾಡಿ. ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಎಷ್ಟು ಅಂತ ಬರೆದಿಡಿ. ನಿಮ್ಮ ಮ್ಯಾನೇಜರ್‌ಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಗದ ಬೇಕಿಲ್ಲ.

ಆಮೇಲೆ ಎಪಿಐ. ಇದು ನೀವು ಅಂದುಕೊಂಡಷ್ಟು ದೂರದ ಊರಲ್ಲ. ಕ್ಲೇಮ್ ಟೆಸ್ಟ್ ಮಾಡಬೇಕಾದರೆ ಮೊದಲು ಪಾಲಿಸಿ ಬೇಕು. ನೀವು ಬಹುಶಃ ಆರೇಳು ಪರದೆ ದಾಟಿ ಪಾಲಿಸಿ ಮಾಡುತ್ತೀರಿ, ಮೂರು ನಾಲ್ಕು ನಿಮಿಷ. ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಭಾಗ ನೋಡುತ್ತಾ ಒಮ್ಮೆ ಪಾಲಿಸಿ ಮಾಡಿ. ಕೊನೆಯ ಬಟನ್ ಒತ್ತಿದಾಗ ಬ್ರೌಸರ್ ಸರ್ವರ್‌ಗೆ ಒಂದು ಪೋಸ್ಟ್ ವಿನಂತಿ (ಡೇಟಾ ಹೊತ್ತ ವಿನಂತಿ) ಕಳಿಸುತ್ತದೆ, ಅದರಲ್ಲಿ ನೀವು ತುಂಬಿದ ಹೆಸರು, ವಯಸ್ಸು, ವಿಮಾ ಮೊತ್ತ ಎಲ್ಲ ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಕಾಣುತ್ತದೆ. ಅದೇ ವಿನಂತಿಯನ್ನು ಪೋಸ್ಟ್‌ಮ್ಯಾನ್ ಅನ್ನುವ ಟೂಲ್‌ನಿಂದ ಕಳಿಸಿ ನೋಡಿ, ಆಮೇಲೆ ಜಾವಾದಲ್ಲಿ ಅದೇ ಕೆಲಸ ಮಾಡುವ ರೆಸ್ಟ್ ಅಶ್ಯೂರ್ಡ್ ಲೈಬ್ರರಿ ಬಳಸಿ. ಪಾಲಿಸಿ ಒಂದೆರಡು ಸೆಕೆಂಡಿನಲ್ಲಿ ಸಿದ್ಧ. ಆಗ ಪರದೆಯ ಟೆಸ್ಟ್ ಕ್ಲೇಮ್ ಒಂದನ್ನೇ ನೋಡಿದರೆ ಸಾಕು. ಒಂದು ಎಚ್ಚರಿಕೆ: ಉತ್ತರ 200 (ಸರ್ವರ್ ‘ಸರಿ’ ಅನ್ನುವ ಸಂಖ್ಯೆ) ಬಂದ ತಕ್ಷಣ ಪಾಸ್ ಅನ್ನಬೇಡಿ. 200 ಕೊಟ್ಟು ಒಳಗೆ ‘ಪಾಲಿಸಿ ಆಗಲಿಲ್ಲ’ ಅಂತ ಬರೆಯುವ ಸರ್ವರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಐ ಬರೆದ ಟೆಸ್ಟ್‌ಗಳಲ್ಲಿ ಮೊದಲು ಹುಡುಕಬೇಕಾದದ್ದೂ ಇದನ್ನೇ.

ಪೈಪ್‌ಲೈನ್ ಬಗ್ಗೆ ಉದ್ದ ಹೇಳುವುದಿಲ್ಲ. ನಿಮ್ಮಲ್ಲಿ ರಾತ್ರಿ ಟೆಸ್ಟ್ ತಾನಾಗಿ ಓಡುತ್ತದೆ ಅಂದರೆ ಅದನ್ನು ಓಡಿಸುವ ಜೆಂಕಿನ್ಸೋ ಇನ್ನೊಂದು ಟೂಲೋ ಈಗಾಗಲೇ ಇದೆ. ಆ ಕೆಲಸ ನೋಡುವವರನ್ನು ಅರ್ಧ ಗಂಟೆ ಕೇಳಿ, ಆ ಫೈಲನ್ನು ಓದಿ. ಮನೆಯಲ್ಲಿ ಅಭ್ಯಾಸಕ್ಕೆ, ಕೋಡ್ ಇಡುವ ಸೈಟ್ ಗಿಟ್‌ಹಬ್‌ನಲ್ಲಿ ಇದೇ ಕೆಲಸ ಮಾಡುವ ಗಿಟ್‌ಹಬ್ ಆ್ಯಕ್ಷನ್ಸ್ ಸಾರ್ವಜನಿಕ ಪ್ರಾಜೆಕ್ಟ್‌ಗೆ ಉಚಿತ.

ಇಷ್ಟಾದ ಮೇಲೆ ಪ್ಲೇರೈಟ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಪ್ಲೇರೈಟ್ ಅಂದರೆ ಟೈಪ್‌ಸ್ಕ್ರಿಪ್ಟ್ ಅಂದುಕೊಂಡು ಹೊಸ ಟೂಲ್, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹಿಡಿಯುತ್ತಾರೆ, ಎರಡನೇ ವಾರಕ್ಕೆ ಬಿಡುತ್ತಾರೆ. ಪ್ಲೇರೈಟ್ ಜಾವಾದಲ್ಲೂ ಇದೆ, ನಿಮ್ಮ ಟೆಸ್ಟ್‌ಎನ್‌ಜಿ ಜೊತೆಗೇ ಓಡುತ್ತದೆ. ಮೊದಲು ಜಾವಾದಲ್ಲೇ 10 ಟೆಸ್ಟ್ ಬರೆಯಿರಿ. ಕ್ಲಿಕ್ ಮಾಡುವ ಮೊದಲು ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಒತ್ತಲು ಬರುತ್ತದಾ ಅಂತ ಅದೇ ನೋಡಿಕೊಳ್ಳುತ್ತದೆ. ನೀವು ಎಕ್ಸ್‌ಪ್ಲಿಸಿಟ್ ವೇಟ್ ಜೊತೆ ಒಂದು ತಿಂಗಳು ಒದ್ದಾಡಿದ್ದರೆ ಇದು ಯಾಕೆ ಹೀಗೆ ಮಾಡುತ್ತದೆ ಅಂತ ಆ ಕ್ಷಣ ಅರ್ಥವಾಗುತ್ತದೆ. ಅದರ ಟ್ರೇಸ್ ವ್ಯೂವರ್ ತೆರೆದು ನೋಡಿ, ಟೆಸ್ಟ್ ಫೇಲ್ ಆದ ಕ್ಷಣದಲ್ಲಿ ಪುಟ ಹೇಗಿತ್ತು, ಸರ್ವರ್ ಏನು ಹೇಳಿತು ಎಲ್ಲ ಸಿಗುತ್ತದೆ. ನನಗೆ ಅದರಲ್ಲಿ ಅತಿ ಇಷ್ಟವಾದದ್ದು ಅದೇ. ಟೈಪ್‌ಸ್ಕ್ರಿಪ್ಟ್ ಆಮೇಲೆ. ಹೊಸ ಕೆಲಸಗಳಲ್ಲಿ ಅದನ್ನು ಹೆಚ್ಚು ಕೇಳುವುದು ನಿಜ, ಕಲಿಯಿರಿ, ಆದರೆ ಅದು ನಾಲ್ಕನೇ ತಿಂಗಳ ಮಾತು.

ಎಷ್ಟು ಹೊತ್ತು? 4 ವರ್ಷದ ಮಗುವಿದ್ದಾಗ ದಿನಕ್ಕೆ ಮೂರು ಗಂಟೆ ಓದು ಅನ್ನುವವರ ಮಾತು ಕೇಳಬೇಡಿ. ಮೇಲೆ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಫೀಸಿನ ಹೊತ್ತಿನಲ್ಲೇ ಆಗುವಂಥದ್ದು, ಯಾಕೆಂದರೆ ಅದು ಆಫೀಸಿನ ಕೆಲಸವೇ. ಉಳಿದದ್ದಕ್ಕೆ ದಿನಕ್ಕೆ 45 ನಿಮಿಷ ಸಾಕು. ನಮ್ಮ ಊರಿನ ಬೇಸಿಗೆಯಲ್ಲಿ ಮಧ್ಯಾಹ್ನ ತಲೆ ಓಡುವುದಿಲ್ಲ, ರಾತ್ರಿ ಮೈ ಸೋತಿರುತ್ತದೆ. ನನಗೆ ಒಗ್ಗಿದ್ದು ಬೆಳಗಿನ 5:30. ನಿಮಗೆ ಯಾವುದೋ ನೀವೇ ನೋಡಿಕೊಳ್ಳಿ. ತಪ್ಪಿದ ದಿನಕ್ಕೆ ಬೇಸರ ಪಡಬೇಡಿ, ತಪ್ಪಿದ ವಾರಕ್ಕೆ ಮಾತ್ರ ಎಚ್ಚರವಾಗಿ.

45,000 ರೂಪಾಯಿಯ ಕೋರ್ಸ್. ಪಾಠ ಹೇಳಿಸಿಕೊಂಡು ಕಲಿಯುವುದು ತಪ್ಪಲ್ಲ, ಕೆಲವರಿಗೆ ಎದುರಿಗೆ ಒಬ್ಬರು ಇದ್ದರೇ ಕಲಿಕೆ ಹತ್ತುವುದು. ಆದರೆ ನೂರಕ್ಕೆ ನೂರು ಕೆಲಸ ಕೊಡಿಸುತ್ತೇವೆ ಅನ್ನುವ ಮಾತನ್ನು ಯಾರೂ ಉಳಿಸಿಕೊಳ್ಳಲಾರರು, ಕೆಲಸ ಕೊಡುವವರು ಅವರಲ್ಲ. ಆ ಮಾತನ್ನು ಬರಹದಲ್ಲಿ ಕೊಡಿ, ಆಗದಿದ್ದರೆ ಹಣ ವಾಪಸ್ ಅಂತ ಬರೆಯಿರಿ ಎಂದು ಕೇಳಿ ನೋಡಿ. ದುಡ್ಡು ಕಟ್ಟುವ ಮೊದಲು ಒಂದು ಡೆಮೊ ಕ್ಲಾಸಿಗೆ ಹೋಗಿ. ನಿಮ್ಮ ನೋಟ್‌ಬುಕ್‌ನ ಒಂದು ಫೇಲ್ ಹೇಳಿ, ಇದನ್ನು ಹೇಗೆ ಹುಡುಕುತ್ತೀರಿ ಅಂತ ಕೇಳಿ. ಡೆವಲಪರ್ ಟೂಲ್ಸ್ ತೆರೆದು ನಿಮ್ಮ ಜೊತೆ ಹುಡುಕಲು ಕೂತರೆ ಅವರು ಪಾಠ ಹೇಳಬಲ್ಲವರು. ಮಾತು ತಿರುಗಿಸಿದರೆ ಎದ್ದು ಬನ್ನಿ. ಕಂತಿನ ಮೇಲೆ ಸೇರಿಸಿಕೊಳ್ಳುತ್ತೇವೆ ಅಂದರೆ ಅದು ಸಾಲ, ಮಧ್ಯದಲ್ಲಿ ಬಿಟ್ಟರೂ ಕಂತು ಬಿಡುವುದಿಲ್ಲ ಅನ್ನುವುದು ನೆನಪಿರಲಿ. ನನ್ನ ಅನಿಸಿಕೆ ಕೇಳಿದರೆ ಈ 6 ತಿಂಗಳು ನಿಮಗೆ ಅದು ಬೇಕಿಲ್ಲ. ಪ್ಲೇರೈಟ್, ಸೆಲೆನಿಯಂ ಎರಡರ ಅಧಿಕೃತ ದಾಖಲೆಗಳೂ ಉಚಿತ, ಚೆನ್ನಾಗಿವೆ. ಟೆಸ್ಟ್ ಆಟೊಮೇಷನ್ ಯೂನಿವರ್ಸಿಟಿ ಅನ್ನುವ ಆನ್‌ಲೈನ್ ಪಾಠಗಳೂ ಉಚಿತ.

ಐಎಸ್‌ಟಿಕ್ಯುಬಿ ಅನ್ನುವ ಟೆಸ್ಟಿಂಗ್ ಸರ್ಟಿಫಿಕೇಟ್ ಮಾಡಲಾ ಅಂತ ತುಂಬಾ ಜನ ಕೇಳುತ್ತಾರೆ, ನೀವು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಫೌಂಡೇಷನ್ ಪರೀಕ್ಷೆಯಲ್ಲಿ 40 ಪ್ರಶ್ನೆ, ಪಾಸಾಗಲು 65%. ಟೆಸ್ಟಿಂಗ್‌ನ ಪದಗಳು, ಬೌಂಡರಿ ವ್ಯಾಲ್ಯೂ ತರಹದ ವಿಧಾನಗಳು ಅದರಲ್ಲಿ ಚೆನ್ನಾಗಿ ಕೂರುತ್ತವೆ. ಕೆಲವು ಕಂಪನಿಗಳು ಕೇಳುತ್ತವೆ. ಕೋಡ್ ಬರೆಯುವುದನ್ನು ಅದು ಕಲಿಸುವುದಿಲ್ಲ. ಕಂಪನಿಯೇ ಶುಲ್ಕ ಕಟ್ಟುವುದಾದರೆ ಬರೆಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ಇದ್ದಲ್ಲೇ ಇದ್ದು ಕಲಿಯುವುದು ಮೊದಲನೆಯದು, ನಾನು ಹೇಳುವುದೂ ಅದನ್ನೇ. ಅಪಾಯ ಏನೆಂದರೆ ಪ್ರಾಜೆಕ್ಟ್ ಇದ್ದಕ್ಕಿದ್ದಂತೆ ಮುಗಿಯಬಹುದು. ಆದ್ದರಿಂದ 6 ತಿಂಗಳ ಮನೆಖರ್ಚು ಕೈಯಲ್ಲಿರುವ ಹಾಗೆ ನೋಡಿಕೊಳ್ಳಿ. ಈಗಲೇ ಕೆಲಸ ಬದಲಾಯಿಸುವುದು ಎರಡನೆಯದು. ಸಂಬಳ ಏರಬಹುದು, ಆದರೆ ಪೂರ್ತಿ ಮನೆಯಿಂದಲೇ ಮಾಡುವ ಕೆಲಸ ಈಗ ಮೊದಲಿನಷ್ಟು ಸಿಗುತ್ತಿಲ್ಲ, ನನ್ನ ಪರಿಚಯದ ಹಲವರನ್ನು ಆಫೀಸಿಗೆ ವಾಪಸ್ ಕರೆದಿದ್ದಾರೆ. ಬೆಂಗಳೂರಿನ ಜೊತೆ ಹೈದರಾಬಾದ್ ಕಡೆಯೂ ನೋಡಿ. ನಮಗೆ ಅದೇ ಹತ್ತಿರ, ವಾರಕ್ಕೆರಡು ದಿನ ಆಫೀಸ್ ಅಂದರೂ ರೈಲಿನಲ್ಲಿ ಹೋಗಿ ಬರುವಷ್ಟು. ಡೆವಲಪರ್ ಆಗಿಬಿಡಲಾ ಅಂತ ಯೋಚನೆ ಬಂದರೆ ಆಗಬಹುದು, ಆದರೆ 7 ವರ್ಷದ ಹಿರಿತನ ಬಿಟ್ಟು ಕೆಳಗಿನಿಂದ ಶುರು ಮಾಡಬೇಕಾಗುತ್ತದೆ.

ಮನೆಯವರು ಹೇಳುವ ಸರ್ಕಾರಿ ಪರೀಕ್ಷೆಯನ್ನು ನಾನು ತಳ್ಳಿಹಾಕುವುದಿಲ್ಲ. 371ಜೆ ಬಂದ ಮೇಲೆ ನಮ್ಮ ಭಾಗದ ಎಷ್ಟೋ ಮಕ್ಕಳಿಗೆ ಕೆಲಸ ಸಿಕ್ಕಿದೆ, ನನ್ನ ಅತ್ತಿಗೆಗೂ ಸಿಕ್ಕಿತು. ನಿಮಗೆ ನಿಜವಾಗಿ ಆ ಕೆಲಸದ ಮೇಲೆ ಮನಸ್ಸಿದ್ದರೆ ವಯಸ್ಸಿನ ಮಿತಿ ನೋಡಿಕೊಂಡು ಬರೆಯಿರಿ. ಆದರೆ ಅಧಿಸೂಚನೆ ಯಾವಾಗ, ಫಲಿತಾಂಶ ಯಾವಾಗ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಈಗಿನ ಕೆಲಸ ಬಿಡಬೇಡಿ. ಎಐ ಭಯಕ್ಕೆ ಓಡಿಹೋಗುವ ದಾರಿ ಅಂತ ಅದನ್ನು ಹಿಡಿಯಬೇಡಿ.

ಒಂದು ಅಪಾಯ ಮಾತ್ರ ಒತ್ತಿ ಹೇಳುತ್ತೇನೆ. ಕಲಿಯುವ ಹುರುಪಿನಲ್ಲಿ ಕಂಪನಿಯ ಕೋಡನ್ನು ನಿಮ್ಮ ಸ್ವಂತ ಗಿಟ್‌ಹಬ್‌ಗೆ ಹಾಕಬೇಡಿ. ಕ್ಲೇಮ್‌ನ ಡೇಟಾ ಸಾರ್ವಜನಿಕ ಎಐಗೆ ಅಂಟಿಸಬೇಡಿ. ಅದರಲ್ಲಿ ಯಾರದೋ ಕಾಯಿಲೆಯ ವಿವರ ಇರುತ್ತದೆ. ಕೆಲಸ ಹೋಗುವುದಷ್ಟೇ ಅಲ್ಲ, ಅವರ ಗುಟ್ಟು ಹೊರಗೆ ಹೋಗುತ್ತದೆ. ಮನೆಯ ಅಭ್ಯಾಸಕ್ಕೆ ಸಾಸ್‌ಡೆಮೊ ತರಹದ ಅಭ್ಯಾಸದ ಸೈಟ್‌ಗಳಿವೆ, ಅವುಗಳ ಮೇಲೆ ಬರೆದದ್ದನ್ನು ಧೈರ್ಯವಾಗಿ ಹಾಕಿ. ಎಐ ಬಳಸಲು ಕಂಪನಿ ಅನುಮತಿ ಕೊಟ್ಟಿದ್ದರೆ ಖಂಡಿತ ಬಳಸಿ, ಆ ಹುಡುಗನ ಪಕ್ಕ ಕೂತು ಹೇಗೆ ಕೇಳಿದ ಅಂತ ನೋಡಿ. ಅವನು ಬರೆಸಿದ ಟೆಸ್ಟ್‌ಗಳನ್ನು ನೀವು ಪರಿಶೀಲಿಸಿ ಕೊಡಿ. ಅವನಿಗೆ ವಿಮೆ ಗೊತ್ತಾಗುತ್ತದೆ, ನಿಮಗೆ ಎಐ ಗೊತ್ತಾಗುತ್ತದೆ.

ಕೊನೆಗೆ ಲ್ಯಾಪ್‌ಟಾಪ್. ಹೊಸದು ಬೇಡ. 8 ಜಿಬಿಯಲ್ಲಿ ಪ್ಲೇರೈಟ್, ಸೆಲೆನಿಯಂ ಎರಡೂ ಓಡುತ್ತವೆ. ಪರದೆ ತೆರೆಯದೆ ಹೆಡ್‌ಲೆಸ್ ಆಗಿ ಓಡಿಸಿ, ಒಟ್ಟಿಗೆ ನಾಲ್ಕು ಟೆಸ್ಟ್ ಓಡಿಸುವ ಬದಲು ಒಂದೊಂದೇ ಓಡಿಸಿ, ಆ ಹೊತ್ತಿಗೆ ಕ್ರೋಮ್‌ನ ಬೇರೆ ಟ್ಯಾಬ್‌ಗಳನ್ನು ಮುಚ್ಚಿ. ಮೂರು ತಿಂಗಳಾದ ಮೇಲೂ ತಡವರಿಸುತ್ತಿದೆ ಅನ್ನಿಸಿದರೆ ರ್‍ಯಾಮ್ ಹಾಕಲು ಇನ್ನೊಂದು ಸ್ಲಾಟ್ ಖಾಲಿ ಇದೆಯಾ ಅಂತ ರಿಪೇರಿ ಅಂಗಡಿಯಲ್ಲಿ ತೆರೆಸಿ ನೋಡಿ. ಇದ್ದರೆ ಇನ್ನೊಂದು 8 ಜಿಬಿ ಹಾಕಿಸಿ. ಎಸ್‌ಎಸ್‌ಡಿ ಇಲ್ಲದೆ ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ರ್‍ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿ ಹಾಕಿಸಿ, ಅದರಿಂದ ಜಾಸ್ತಿ ವ್ಯತ್ಯಾಸ ಕಾಣುತ್ತದೆ.